ಪ್ರಭುಲಿಂಗನ ಒಂದು ತಾಸು

ಪ್ರಭುಲಿಂಗನ ಕಷ್ಟಗಳಿಗೆಲ್ಲ ಮೂಲ ಅವನ ತುಟಿ. ಬೇರೆಯವರು ತಲೆಯೊಳಗೆ ವಿಚಾರ ಮಾಡುತ್ತಾರೆ. ಪ್ರಭುಲಿಂಗ ತುಟಿಯಲ್ಲಿ ಮಾಡುತ್ತಿದ್ದ. ಸದ್ದು ಬರುತ್ತಿರಲಿಲ್ಲ. ಆದರೆ ತಲೆಯಲ್ಲಿ ಹುಟ್ಟಿದ ಪ್ರತಿಯೊಂದು ಮಾತೂ ಎತ್ತಿನ ಮೆಲುಕಿನಂತೆ ಒಮ್ಮೆ ಬಾಯಿಗೆ ಬಂದೇ ಹೋಗಬೇಕು. ಬೀಳಗಿಯ ಹಾಸ್ಟೆಲಿನಲ್ಲಿದ್ದಾಗ ಪುಸ್ತಕ ಓದುವಾಗಲೂ ಹೀಗೇ. ಹುಡುಗರು ಇವನಿಗೆ ‘ಮೀನ’ ಎಂದು ಹೆಸರಿಟ್ಟಿದ್ದರು.

ಈಗ ಮೀನು ಗಾಜಿನ ತೊಟ್ಟಿಗೇ ಬಂದು ಕೂತಿತ್ತು. ಕರೆಂಟ್ ಮಗ್ಗಗಳ ಊರಾದ ಬನಹಟ್ಟಿಯ ಕರೆಂಟ್ ಆಫೀಸಿನಲ್ಲಿ ಅವನದು ದೂರು ಕೇಳುವ ಕೆಲಸ. ದಪ್ಪ ಗಾಜಿನ ಹಿಂದೆ ಕೂರಬೇಕು. ಗಾಜಿನ ಕೆಳಗೊಂದು ಸಣ್ಣ ಕಿಂಡಿ. ಅದನ್ನು ಮಾಡಿದ ಬಡಿಗನಿಗೆ ಊರಿನ ಮೇಲೆ ಏನು ಸಿಟ್ಟಿತ್ತೋ, ಕಿಂಡಿಯನ್ನು ಸೊಂಟದ ಎತ್ತರಕ್ಕೆ ಇಟ್ಟುಬಿಟ್ಟಿದ್ದ. ದೂರು ಹೇಳಬೇಕೆಂದರೆ ನಲವತ್ತು ಮಗ್ಗದ ಮಾಲೀಕನೂ ಬಗ್ಗಬೇಕು, ಕೂಲಿಗೆ ನೇಯುವ ಮುದುಕಿಯೂ ಬಗ್ಗಬೇಕು. ಬಗ್ಗಿ, “ಸಾಹೇಬ್ರ, ಕರೆಂಟ್ ಯಾವಾಗ ಬರತೈತ್ರೀ?” ಎಂದವರಿಗೆ ಪ್ರಭುಲಿಂಗ, “ಬರತೈತ್ರೀ, ಬರತೈತಿ” ಎಂದು ಮರ್ಯಾದೆಯಿಂದ ಹೇಳುತ್ತಿದ್ದ. ಅವರು ನೆಟ್ಟಗಾದ ಮೇಲೆ ಅವರ ಬಗ್ಗೆ ತನಗೆ ನಿಜವಾಗಿ ಅನ್ನಿಸಿದ್ದನ್ನು ಗಾಜಿನ ಹಿಂದೆ, ತುಟಿಯಲ್ಲೇ, ಸುರಕ್ಷಿತವಾಗಿ ಅಂದುಕೊಳ್ಳುತ್ತಿದ್ದ. ಎರಡು ವರ್ಷದಿಂದ ಇದೇ ರೂಢಿ. ಗಾಜು ದಪ್ಪ, ಸದ್ದು ಸೊನ್ನೆ. ಇನ್ನೇನು ಭಯ?

ಅಕ್ಷತಾ ಸಿಕ್ಕಿದ್ದೂ ಆ ಗಾಜಿನಾಚೆಯೇ. ಚಿಮ್ಮಡದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ತಂದೆ ವೀರಣ್ಣನ ಮಗ್ಗದ ಶೆಡ್ಡಿನ ದೂರು ಹೊತ್ತುಕೊಂಡು ಬರುತ್ತಿದ್ದಳು. ‘ಎಷ್ಟು ಚಂದ ಅದಾಳಪಾ ಇಕಿ’ ಎಂದು ಪ್ರಭುಲಿಂಗ ಮನಸ್ಸಿನಲ್ಲಿ ಅಂದುಕೊಳ್ಳುವಷ್ಟರಲ್ಲಿ ಆಚೆ ಅವಳು ನಕ್ಕುಬಿಡುತ್ತಿದ್ದಳು. ಒಂದು ಸಲವಲ್ಲ, ಪ್ರತಿ ಸಲ. ಇದು ಎರಡು ಮನಸ್ಸುಗಳ ನಡುವಿನ ತಂತಿಯಿಲ್ಲದ ಸಂಪರ್ಕ ಎಂದು ಅವನು ನಂಬಿದ್ದ. ಅವನು ನಂಬಿದ್ದ ಪವಾಡ ಅದೊಂದೇ.

ಉಳಿದಂತೆ ಅವನಿಗೆ ಯಾವ ನಂಬಿಕೆಯೂ ಇರಲಿಲ್ಲ. ಹೆಸರಿನಲ್ಲಿ ಪ್ರಭುವೂ ಇದ್ದ, ಲಿಂಗವೂ ಇತ್ತು. ಒಳಗೆ ಇಬ್ಬರೂ ಇರಲಿಲ್ಲ. ಸಣ್ಣವನಿದ್ದಾಗ ಅವನ ಹಳ್ಳಿ ಕೃಷ್ಣೆಯ ಹಿನ್ನೀರಿಗೆ ಹೋಯಿತು. ಊರವರು ಗುಡಿಯ ದೇವರನ್ನು ಕಿತ್ತು ಟ್ರ್ಯಾಕ್ಟರಿಗೆ ಹಾಕಿ ಹೊಸ ಊರಿಗೆ ಸಾಗಿಸಿದರು. ದೇವರ ಒಂದು ಬದಿಗೆ ಜೋಳದ ಚೀಲ, ಇನ್ನೊಂದು ಬದಿಗೆ ಕೋಳಿಯ ಪಂಜರ. ದಾರಿಯಲ್ಲಿ ಗುಂಡಿ ಬಂದಾಗಲೆಲ್ಲ ದೇವರು ಕೋಳಿಗಳಿಗಿಂತ ಹೆಚ್ಚು ಅಲ್ಲಾಡಿದ. ಟ್ರೇಲರಿನಲ್ಲಿ ಕೂತು ಅವನನ್ನು ಬೀಳದಂತೆ ಹಿಡಿದುಕೊಂಡವನು ಪ್ರಭುಲಿಂಗ. ತಾನು ಹಿಡಿದುಕೊಂಡವನು ತನ್ನನ್ನು ಹಿಡಿದುಕೊಳ್ಳುತ್ತಾನೆ ಎಂದು ನಂಬುವುದು ಆಮೇಲೆ ಅವನಿಂದ ಆಗಲಿಲ್ಲ. ಅಷ್ಟೇ ವಿಷಯ. ಇದರಲ್ಲಿ ಯಾರ ಮೇಲೂ ಸಿಟ್ಟಿರಲಿಲ್ಲ.

ಸಿಟ್ಟಿಲ್ಲದ ಈ ಸಂಗತಿ ಶುಕ್ರವಾರ ಸಂಜೆ ಕಷ್ಟಕ್ಕೆ ಬಂತು. ಹೆಣ್ಣು ಕೇಳಲು ಹೋದವನಿಗೆ ವೀರಣ್ಣ ಚಹಾ ಕೊಟ್ಟು, ಮೀಸೆ ಒರೆಸಿಕೊಂಡು ಹೇಳಿದ:

“ನೋಡಪಾ, ಹುಡುಗ ಛಲೋ ಅದಿ. ನೌಕರಿ ಐತಿ. ನಮ್ಮ ಮಗಳಿಗೂ ನಿನ್ನ ಮ್ಯಾಲ ಮನಸೈತಿ. ಒಂದ ಮಾತು. ಮಠಕ್ಕ ಬಂದು ಗದ್ದಿಗಿಗೆ ಒಮ್ಮಿ ಬಗ್ಗಬೇಕು.”

“ನನಗ ನಂಬಿಕಿ ಇಲ್ರೀ.”

“ನಂಬಿಕಿ ಯಾರ ಕೇಳಾಕತ್ತಾರೋ? ಮನಸಿನಿಂದ ಬಗ್ಗು ಅನ್ನಾಕತ್ತಿಲ್ಲ. ಸೊಂಟದಿಂದ ಬಗ್ಗು ಸಾಕು.”

ಬಾಗಿಲವರೆಗೆ ಕಳಿಸಲು ಬಂದ ಅಕ್ಷತಾ ಗಣಿತದ ಟೀಚರಿನಂತೆಯೇ ಲೆಕ್ಕ ಕೊಟ್ಟಳು. “ನಾಳೆ ಎರಡನೇ ಶನಿವಾರ, ನಿನಗ ಸೂಟಿ. ದೀಪಾ ಹಚ್ಚೋದರೊಳಗ ಬಂದು ಬಗ್ಗತೀಯೋ ಇಲ್ಲೋ ಹೇಳು. ಹೂಂ ಅಂದ್ರೂ ಊಹೂಂ ಅಂದ್ರೂ ನಿಂದ ಇರಬೇಕು. ಮತ್ತೊಬ್ಬರನ್ನ ಕೇಳಿ ಬಂದಿ ಅಂದ್ರ ಅದು ನನಗ ನಡ್ಯಂಗಿಲ್ಲ. ಒಂದ ತಾಸು ಒಬ್ಬನ ಕುಂತು ಖರೇನ ವಿಚಾರ ಮಾಡು.”

ಒಂದು ತಾಸು. ಬನಹಟ್ಟಿಯಲ್ಲಿ ಅದಕ್ಕಿಂತ ದುಬಾರಿ ವಸ್ತು ಇನ್ನೊಂದಿಲ್ಲ ಎಂದು ಪ್ರಭುಲಿಂಗನಿಗೆ ಆಗ ಗೊತ್ತಿರಲಿಲ್ಲ.

ಅವನು ಬಾಡಿಗೆಗಿದ್ದದ್ದು ಪಾಂಡಪ್ಪನ ಮಗ್ಗದ ಶೆಡ್ಡಿನ ಮೇಲಿನ ಕೋಣೆಯಲ್ಲಿ. ಕೆಳಗೆ ಹದಿನಾರು ಮಗ್ಗ. ಅವು ನಡೆಯತೊಡಗಿದರೆ ಹಾಸಿಗೆ ತಾನಾಗಿಯೇ ಗೋಡೆಯಿಂದ ಬಾಗಿಲಿಗೆ ಪ್ರಯಾಣ ಮಾಡುತ್ತಿತ್ತು. ಶನಿವಾರ ಬೆಳಿಗ್ಗೆ ಗೋಡೆಗೊರಗಿ ಕೂತು, ‘ಬಗ್ಗಬೇಕೋ ಬ್ಯಾಡೋ’ ಎಂದು ತುಟಿ ಅಲ್ಲಾಡಿಸಿದನೋ ಇಲ್ಲವೋ, ಹಲ್ಲಿಗೆ ಹಲ್ಲು ಬಡಿದು ವಿಚಾರ ಎರಡು ತುಂಡಾಯಿತು. ಅಷ್ಟರಲ್ಲಿ ಕರೆಂಟ್ ಹೋಯಿತು. ಊರಿಗೆ ಊರೇ ಒಮ್ಮೆಲೇ ಉಸಿರು ಬಿಟ್ಟಂತೆ ಮಗ್ಗಗಳೆಲ್ಲ ನಿಂತವು.

ಪ್ರಭುಲಿಂಗ ಕಣ್ಣು ಮುಚ್ಚಿ, ‘ಆಹಾ’ ಎಂದ.

ಆ ಆಹಾ ಅರ್ಧ ನಿಮಿಷವೂ ಬಾಳಲಿಲ್ಲ. ಬನಹಟ್ಟಿಯಲ್ಲಿ ಮಗ್ಗ ನಿಂತರೆ ಮೌನ ಬರುವುದಿಲ್ಲ, ಮಂದಿ ಬರುತ್ತಾರೆ. ಮಗ್ಗ ನಡೆದಷ್ಟು ಹೊತ್ತು ಬಾಯಿ ಕಟ್ಟಿಕೊಂಡಿದ್ದವರೆಲ್ಲ ಕಟ್ಟೆಗೆ ಬಂದು ಆ ಹೊತ್ತಿನದನ್ನೆಲ್ಲ ಬಡ್ಡಿ ಸಮೇತ ಮಾತಾಡುತ್ತಾರೆ. ಮೆಟ್ಟಿಲ ಮೇಲೆ ದಡದಡ ಹೆಜ್ಜೆ. ಬಾಗಿಲಲ್ಲಿ ಪಾಂಡಪ್ಪ.

“ಪ್ರಭಣ್ಣಾ, ಕರೆಂಟ್ ಯಾವಾಗ ಬರತೈತ್ರೀ?”

“ಇವತ್ತ ನನಗ ಸೂಟಿ ರೀ.”

“ನಿಮಗ ಸೂಟಿ, ಕರೆಂಟಿಗೂ ಸೂಟಿ ಏನು? ಒಂದ ಫೋನ್ ಹಚ್ಚರಲ್ಲ. ಯಾಕ ಕಣ್ಣು ಮುಚ್ಚಿ ಕುಂತೀರಿ? ಹೊಟ್ಟಿ ಕಡ್ಯಾಕತ್ತೈತೇನು?”

“ವಿಚಾರ ಮಾಡಾಕತ್ತೇನ್ರೀ.”

ಪಾಂಡಪ್ಪ ಗಾಬರಿಯಾದ. ವಯಸ್ಸಿನ ಹುಡುಗನೊಬ್ಬ ಹಗಲು ಹೊತ್ತಿನಲ್ಲಿ, ಮೊಬೈಲ್ ಇಲ್ಲದೆ, ಸುಮ್ಮನೆ ಕೂತು ವಿಚಾರ ಮಾಡುವುದನ್ನು ಅವನು ಕಂಡಿದ್ದಿಲ್ಲ. “ವಿಚಾರ ಮಾಡೋದಿದ್ರ ಮಠಕ್ಕ ಹೋಗ್ರಿ. ಅಲ್ಲಿ ಕಣ್ಣು ಮುಚ್ಚಿ ಕುಂತವರನ್ನ ಯಾರೂ ಮಾತಾಡಸಂಗಿಲ್ಲ. ನಾನೂ ಸಾಲಗಾರರ ಕಾಟ ತಡ್ಯಾಕ ಆಗಲಿಲ್ಲಂದ್ರ ಅಲ್ಲೇ ಹೋಗಿ ಕುಂದ್ರತೀನಿ.”

ಮಾತು ನಿಜವಿತ್ತು. ಭಕ್ತರಿಗೆ ಎಷ್ಟೊಂದು ಅನುಕೂಲ! ಗುಡಿ, ಮಠ, ದರ್ಗಾ, ಎಲ್ಲಿ ಬೇಕಾದರೂ ಕಣ್ಣು ಮುಚ್ಚಿ ಕೂರಬಹುದು. ಒಳಗೆ ಅವರು ದೇವರನ್ನೇ ನೆನೆಯುತ್ತಿದ್ದಾರೋ, ಎಮ್ಮೆ ವ್ಯಾಪಾರ ಕುದುರಿಸುತ್ತಿದ್ದಾರೋ ಯಾರೂ ಕೇಳುವುದಿಲ್ಲ. ದೇವರಿಲ್ಲದವನಿಗೆ ಮಾತ್ರ ಊರಿನಲ್ಲಿ ಒಂದು ಚಾಪೆಯಷ್ಟು ಜಾಗವಿಲ್ಲ. ಹಾಗೆಂದು ಮಠದಲ್ಲಿ ಕೂತು ಮಠಕ್ಕೆ ಬಗ್ಗಬೇಕೋ ಬೇಡವೋ ಎಂದು ವಿಚಾರ ಮಾಡುವುದೂ ಆಗದು. ಅದು ಖಾನಾವಳಿಯಲ್ಲಿ ಕೂತು ಉಪವಾಸ ಮಾಡಬೇಕೋ ಬೇಡವೋ ಎಂದು ವಿಚಾರ ಮಾಡಿದಂತೆ.

ಪ್ರಭುಲಿಂಗ ಬೈಕು ತೆಗೆದ.

ಮೊದಲು ಹೋದದ್ದು ಲೈಬ್ರರಿಗೆ. ಹಾಸ್ಟೆಲಿನಲ್ಲಿ ಬೆಳೆದವನಿಗೆ ಲೈಬ್ರರಿಯೇ ತವರು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಗೋಡೆಯುದ್ದಕ್ಕೂ ತಲೆ ತಗ್ಗಿಸಿ ಕೂತಿದ್ದರು. ಅಷ್ಟು ಮಂದಿಯ ಅಷ್ಟು ದೊಡ್ಡ ಮೌನ ಕಂಡು ಅವನ ಎದೆ ಒಂದು ಕ್ಷಣ ತುಂಬಿ ಬಂತು. ಮೂಲೆಯ ಕುರ್ಚಿ ಹಿಡಿದು ವಿಚಾರಕ್ಕೆ ಕೈಹಾಕಿದ. ಸ್ವಲ್ಪ ಹೊತ್ತಿಗೆ ಎದುರಿನ ಹುಡುಗಿ ಪೆನ್ನು ಕೆಳಗಿಟ್ಟಳು.

“ಸರ್, ದಯಮಾಡಿ ಹೊರಗ ಹೋಗ್ರಿ.”

“ನಾ ಮಾತಾಡಿಲ್ಲಲ್ಲವಾ!”

“ನೀವು ಮಾತಾಡಿಲ್ರೀ, ನಿಮ್ಮ ತುಟಿ ಮಾತಾಡಾಕತ್ತೈತಿ. ನಾ ಇಲ್ಲಿ ಸಂವಿಧಾನ ಓದಾಕತ್ತೇನಿ. ನೀವು ಎದುರಿಗೆ ಕುಂತು ಬಗ್ಗಲ್ಯಾ ಬ್ಯಾಡಾ, ಬಗ್ಗಲ್ಯಾ ಬ್ಯಾಡಾ ಅಂತ ಹಚ್ಚೀರಿ. ಮೂಲಭೂತ ಹಕ್ಕಿನ ಪಾಠಾ ಪೂರಾ ಕಲಸಿ ಹೋತು.”

ಈ ಹುಡುಗಿಗೆ ಹೇಗೆ ತಿಳಿಯಿತು ಎಂದು ಆಗಲೇ ಅವನು ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಸದ್ದು ಎಲ್ಲೋ ಜಾರಿರಬೇಕೆಂದು ನಾಚಿಕೊಂಡು ಹೊರಬಿದ್ದು, ಯಾರೂ ಇಲ್ಲದ ಕಡೆ ಹೋಗುವುದೇ ಸರಿ ಎಂದು ಬೈಕನ್ನು ಹೊಳೆಯ ಕಡೆ ತಿರುಗಿಸಿದ.

ಕಬ್ಬಿನ ಗದ್ದೆಗಳ ನಡುವಿನ ದಾರಿ ಮುಗಿದು ಕೃಷ್ಣೆ ಕಂಡಾಗ ಪ್ರಭುಲಿಂಗ ಬೈಕು ನಿಲ್ಲಿಸುವುದನ್ನೇ ಮರೆತ. ನೀರು ಅವಸರವಿಲ್ಲದೆ, ಯಾರ ಒಪ್ಪಿಗೆಯನ್ನೂ ಕೇಳದೆ ಹರಿಯುತ್ತಿತ್ತು. ಆಚೆ ದಂಡೆ ಬಿಸಿಲಿನಲ್ಲಿ ನಡುಗುತ್ತಿತ್ತು. ಅವನ ಹಳೆಯ ಊರನ್ನು ನುಂಗಿದ್ದು ಇದೇ ನೀರು. ಆದರೂ ಅದರ ಮುಂದೆ ನಿಂತಾಗ ಮನುಷ್ಯ ಅಂಗಿಯ ಗುಂಡಿಯಷ್ಟಾಗುತ್ತಾನೆ. ಅವನು ದಂಡೆಯ ಮೇಲೆ ಕೂತ. ಇಲ್ಲಿಯೂ ಸದ್ದಿತ್ತು; ದಂಡೆಯುದ್ದಕ್ಕೂ ಪಂಪ್‌ಸೆಟ್ಟುಗಳು ಗುಂಯ್ ಎನ್ನುತ್ತಿದ್ದವು. ಆದರೆ ಮಂದಿಯಿರಲಿಲ್ಲ. ಕತ್ತೆತ್ತಿ ಆಕಾಶ ನೋಡಿದ. ಆಕಾಶಕ್ಕೂ ಅವನಿಗೂ ನಡುವೆ ವಿದ್ಯುತ್ ತಂತಿಗಳು ಹಾದುಹೋಗಿದ್ದವು. ಅವುಗಳನ್ನೇ ದಿಟ್ಟಿಸುತ್ತ ತುಟಿ ಅಲ್ಲಾಡಿಸತೊಡಗಿದ.

ಆಗ ಒಂದು ವಿಚಿತ್ರ ನಡೆಯಿತು. ಹತ್ತಿರದ ಪಂಪು ನಿಂತಿತು. ಅದರಾಚೆಯದೂ ನಿಂತಿತು. ಮುಂದಿನದು, ಅದರ ಮುಂದಿನದು, ಯಾರೋ ಹೊಳೆಯುದ್ದಕ್ಕೂ ನಡೆದು ಒಂದೊಂದನ್ನೇ ಮಲಗಿಸಿದಂತೆ ಎಲ್ಲವೂ ಸುಮ್ಮನಾದವು. ಮೌನ ಬಂತು. ಎಂಥ ಮೌನ! ನೀರು ಕಲ್ಲಿಗೆ ತಾಗುವುದು ಕೇಳಿಸಿತು. ದೂರದಲ್ಲಿ ಮಿಂಚುಳ್ಳಿಯೊಂದು ಮುಳುಗಿದ್ದು ಕೇಳಿಸಿತು. ಪ್ರಭುಲಿಂಗನ ಮೈಮೇಲೆ ಮುಳ್ಳೆದ್ದವು. ತನಗಾಗಿ ಲೋಕವೇ ಬಾಯಿ ಮುಚ್ಚಿಕೊಂಡಿತೆಂದು ಅವನಿಗನ್ನಿಸಿತು. ಕಣ್ಣಲ್ಲಿ ನೀರಾಡಿತು.

“ಸಾಹೇಬ್ರ,” ಎಂದಿತು ಹಿಂದಿನಿಂದ ಒಂದು ದನಿ. “ಕಬ್ಬಿನ ಹಾಲು ಕುಡೀರಿ.”

ತಿರುಗಿದರೆ ಬಸಗೊಂಡಪ್ಪ ಎಂಬ ರೈತ, ಕೈಯಲ್ಲಿ ತಂಬಿಗೆ. ಅವನ ಹಿಂದೆ ಹತ್ತಾರು ರೈತರು ಹಲ್ಲು ಕಿರಿದು ನಿಂತಿದ್ದರು. ಒಬ್ಬನ ಬಗಲಲ್ಲಿ ಬೆಲ್ಲದ ಪೆಂಟೆ, ಇನ್ನೊಬ್ಬನ ಹೆಗಲ ಮೇಲೆ ಸುರುಳಿ ಸುತ್ತಿದ ವಾಯರು. ವಾಯರಿನ ತುದಿಯಲ್ಲಿ ಕರೆಂಟಿನ ತಂತಿಗೆ ಕದ್ದು ಸಿಕ್ಕಿಸುವ ಕಬ್ಬಿಣದ ಕೊಕ್ಕೆ.

“ಎಲ್ಲಾ ಬಿಚ್ಚೇವ್ರೀ,” ಎಂದ ಬಸಗೊಂಡಪ್ಪ ಕೈಮುಗಿದು. “ನೀವು ತಂತಿ ನೋಡಿದ್ದು ನೋಡಿದ ಕೂಡ್ಲೇ ಬಿಚ್ಚಿ ಬಿಟ್ಟೇವಿ. ಒಂದೊಂದ ಕೊಕ್ಕಿ ಎಣಿಸಿ ಬಾಯಾಗ ಲೆಕ್ಕಾ ಹಾಕಾಕತ್ತಿದ್ರಿ. ನಾ ಕಣ್ಣಾರೆ ಕಂಡೇನಿ. ದಂಡ ಹಾಕಬ್ಯಾಡ್ರಿ.”

“ನಾ ಅದಕ್ಕ ಬಂದಿಲ್ಲೋ ಮಾರಾಯಾ! ವಿಚಾರ ಮಾಡಾಕ ಬಂದೇನಿ.”

“ಹೌದ್ರೀ, ನಮ್ಮ ವಿಚಾರನೂ ಸ್ವಲ್ಪ ಮಾಡ್ರಿ.”

ಎಷ್ಟು ಹೇಳಿದರೂ ನಂಬಲಿಲ್ಲ. ಸುತ್ತ ಕುಳಿತು, ‘ಸಾಹೇಬರು ವಿಚಾರ ಮಾಡಲಿ, ಗದ್ದಲ ಮಾಡಬ್ಯಾಡ್ರಲೇ’ ಎಂದು ಒಬ್ಬರಿಗೊಬ್ಬರು ಗದರಿಕೊಳ್ಳುತ್ತ ಅವನ ಮುಖವನ್ನೇ ನೋಡಿದರು. ಹತ್ತಾರು ಜೊತೆ ಕಣ್ಣುಗಳ ನಡುವೆ ಮದುವೆಯ ವಿಚಾರ ಮಾಡುವುದು ಸಾಧ್ಯವೇ? ಕಬ್ಬಿನ ಹಾಲು ಕುಡಿದು, ಬೆಲ್ಲವನ್ನು ವಾಪಸು ಕೊಟ್ಟು ಪ್ರಭುಲಿಂಗ ಎದ್ದ. ಬೈಕು ಕಬ್ಬಿನ ಮರೆಗೆ ಹೋಗುತ್ತಲೇ ಹಿಂದೆ ಪಂಪುಗಳು ಒಂದೊಂದಾಗಿ ಮತ್ತೆ ಗುಂಯ್ ಎಂದವು.

ಕೋಣೆಯ ಕಡೆ ಮರಳಿದಾಗ ಬಿಸಿಲು ಇಳಿಯುತ್ತಿತ್ತು, ಕರೆಂಟ್ ಬಂದಿತ್ತು. ಶೆಡ್ಡು ಗುಡುಗುತ್ತಿತ್ತು. ಮೆಟ್ಟಿಲ ಮೇಲೆ ಪಾಂಡಪ್ಪ ಇನ್ನಾರೊಡನೆಯೋ ಕೂತಿದ್ದ. ಇವನನ್ನು ಕಂಡೊಡನೆ ಬಾಯಿ ತೆರೆದ. ಇನ್ನೊಂದು ಪ್ರಶ್ನೆ ಕೇಳಿಸಿಕೊಳ್ಳುವ ಶಕ್ತಿ ಪ್ರಭುಲಿಂಗನಿಗೆ ಇರಲಿಲ್ಲ. ಪಕ್ಕದಲ್ಲಿದ್ದ ಶೆಡ್ಡಿನ ಬಾಗಿಲು ತಳ್ಳಿ ಒಳಗೆ ನುಗ್ಗಿಬಿಟ್ಟ.

ಎರಡು ವರ್ಷ ಅದರ ನೆತ್ತಿಯ ಮೇಲೆ ಮಲಗಿದ್ದರೂ ಒಳಗೆ ಕಾಲಿಟ್ಟಿದ್ದು ಅದೇ ಮೊದಲು. ಸದ್ದು ಕಿವಿಯಿಂದ ಬರಲಿಲ್ಲ, ಅಂಗಾಲಿನಿಂದ ಬಂತು. ಮೊಣಕಾಲು, ಬೆನ್ನು, ಎದೆಗೂಡು ತುಂಬಿ ತಲೆಗೇರಿತು. ಒಂದು ಕ್ಷಣ ತಲೆ ಒಡೆದೇ ಹೋಗುತ್ತದೆ ಎನ್ನಿಸಿತು. ಆಮೇಲೆ, ಇದೇನು? ಏನೂ ಇಲ್ಲ. ಸದ್ದು ಎಷ್ಟು ದೊಡ್ಡದಿತ್ತೆಂದರೆ ಅದರೊಳಗೆ ಸದ್ದೇ ಇರಲಿಲ್ಲ. ನಾಲ್ಕೂ ಕಡೆ ಗೋಡೆಯಂತೆ ನಿಂತು ಅದು ಲೋಕವನ್ನೆಲ್ಲ ಹೊರಗಿಟ್ಟಿತು. ಇಲ್ಲಿ ಕರೆಂಟಿನ ಬಗ್ಗೆ ಕೇಳಲು ಯಾರಿಗೂ ಸಾಧ್ಯವಿಲ್ಲ. ಕೇಳಿದರೂ ಕೇಳಿಸುವುದಿಲ್ಲ.

ಅವನ ಕೋಣೆಯ ಆಚೆಗೆ ಚಾಚಿದ ತಗಡಿನ ಮಾಡಿನ ತೂತುಗಳಿಂದ ಬಿಸಿಲಿನ ಕೋಲುಗಳು ಇಳಿದಿದ್ದವು. ಅವುಗಳಲ್ಲಿ ಹತ್ತಿಯ ಧೂಳು ತೇಲುತ್ತಿತ್ತು. ಹಿನ್ನೀರಿನ ಊರಿನಲ್ಲಿ ಮಾಳಿಗೆಯ ಮೇಲೆ ಮಲಗಿ ನೋಡುತ್ತಿದ್ದ ನಕ್ಷತ್ರಗಳು ಹೀಗೇ ಇದ್ದವು. ಲಾಳಿ ಕಣ್ಣಿಗೆ ಸಿಗದ ವೇಗದಲ್ಲಿ ಅತ್ತಿಂದಿತ್ತ ಹಾರುತ್ತಿತ್ತು. ಸಾವಿರಾರು ಎಳೆ ಏಳುತ್ತಿದ್ದವು, ಇಳಿಯುತ್ತಿದ್ದವು. ನಿಂತಲ್ಲೇ ನಿಂತಂತೆ ಕಾಣುವ ಗದ್ದಲದಿಂದ ಕೆಂಪು ಸೀರೆಯೊಂದು ಕೂದಲೆಳೆಯಷ್ಟು, ಕೂದಲೆಳೆಯಷ್ಟು ಲೋಕಕ್ಕೆ ಬರುತ್ತಿತ್ತು. ಮೊದಲ ಮಗ್ಗದಲ್ಲಿ ಮಾಯವ್ವನೆಂಬ ಮುದುಕಿ ನಿಂತಿದ್ದಳು. ಹೆಚ್ಚು ಕಡಿಮೆ ಈ ಶೆಡ್ಡಿನಷ್ಟೇ ವಯಸ್ಸಿನವಳು. ಅವಳು ಒಮ್ಮೆ ಇವನನ್ನು ನೋಡಿ, ನೂಲಿನ ಮೂಟೆಯ ಕಡೆಗೆ ಗದ್ದ ತಿರುಗಿಸಿ ‘ಕುಂದ್ರು’ ಎಂಬಂತೆ ತೋರಿಸಿ ತನ್ನ ಕೆಲಸಕ್ಕೆ ಮರಳಿದಳು. ಯಾರೂ ಯಾಕೆ ಬಂದೆ ಎನ್ನಲಿಲ್ಲ.

ಪ್ರಭುಲಿಂಗ ಮೂಟೆಯ ಮೇಲೆ ಕೂತ. ದಿನವಿಡೀ ಊರೆಲ್ಲ ಹುಡುಕಿದ ಜಾಗ ತನ್ನ ಹಾಸಿಗೆಯ ಕೆಳಗೇ ಇತ್ತು! ಎದೆಯ ಬಡಿತ ಮಗ್ಗದ ಬಡಿತಕ್ಕೆ ಕೂಡಿಕೊಂಡಿತು. ಮೊದಲ ಸಲ ತುಟಿಗಳಿಗೆ ಪೂರ್ತಿ ಲಗಾಮು ಬಿಟ್ಟ. ಸ್ವಲ್ಪ ಹೊತ್ತಿನಲ್ಲಿ ದನಿಯೂ ಸೇರಿತು. ತನ್ನ ದನಿ ತನಗೇ ಕೇಳಿಸದಿರುವ ಸುಖವನ್ನು ಅವನು ಕಂಡಿದ್ದೇ ಅಂದು.

“ಬಗ್ಗಿದ್ರ ಏನ್ ಹೋಗತೈತಿ?” ಎಂದು ಶುರುಮಾಡಿದ. “ಸೊಂಟಾ ಇರೋದ ಬಗ್ಗಾಕ. ಬಗ್ಗಿದೆ ಅಂದ್ರ ಅಕ್ಷತಾ ಸಿಗತಾಳ. ಅಕಿ ನಕ್ಕಳಂದ್ರ ಕೌಂಟರಿನಾಗ ಟ್ಯೂಬ್‌ಲೈಟ್ ಹತ್ತಿಧಂಗ ಆಕ್ಕೈತಿ. ಆದ್ರ ವೀರಣ್ಣಗ ಖರೆ ಹೇಳಬೇಕಂದ್ರ ದೇವರ ಚಿಂತಿ ಇಲ್ಲ. ಮಂದಿ ಏನಂತಾರ ಅನ್ನೋ ಚಿಂತಿ. ಮೀಸಿ ಮಾತ್ರ ಎಮ್ಮಿ ಕೋಡಿನಂಗ ಬಿಟ್ಟಾನ…”

ಹೀಗೆ ತಾಸು ಹೊತ್ತು ನಡೆಯಿತು. ಟ್ರ್ಯಾಕ್ಟರಿನಲ್ಲಿ ಅಲ್ಲಾಡಿದ ದೇವರ ಕತೆ ಬಂತು. ಹೊಳೆಯ ಮೌನ ಬಂತು. ಕೊನೆಗೆ ಈ ಶೆಡ್ಡೇ ಬಂತು.

“ಇಲ್ಲಿ ಯಾವ ದೇವರೂ ಇಲ್ಲ. ಆದ್ರೂ ಮೈ ಜುಮ್ ಅನ್ನಾಕತ್ತೈತಿ. ಒಂದೊಂದ ಎಳಿ ಕೂಡಿ ಕೂಡಿ ಊರ ಮಾನ ಮುಚ್ಚೂವಂಥಾ ಬಟ್ಟಿ ಆಗತೈತಲ್ಲ, ಇದನ್ನ ನೋಡಿ ಬಗ್ಗಬೇಕು ಅನ್ನಸಿದ್ರ ಅದು ಖರೆ ಬಗ್ಗೋದು. ಅನ್ನಸಲಾರದ ಬಗ್ಗೋದು ಸುಳ್ಳು. ಸುಳ್ಳು ಕೊಟ್ಟು ಅಕ್ಷತಾನ್ನ ತಂದೆ ಅಂದ್ರ ನಾಳೆ ಅಕಿ ಮುಖಾ ಹ್ಯಾಂಗ ನೋಡಲಿ? ಮಠಕ್ಕ ಬರತೀನಿ. ಮಂದಿ ಚಪ್ಪಲಿ ಕಾದುಕೊಂತ ಬಾಗಲದಾಗ ನಿಂದರತೀನಿ. ಆದ್ರ ಅಕ್ಷತಾ, ನಾ—”

ಕರೆಂಟ್ ಹೋಯಿತು.

ಹದಿನಾರು ಮಗ್ಗ ಒಮ್ಮೆಲೇ ನಿಂತವು. ಆದರೆ ಪ್ರಭುಲಿಂಗ ಕರೆಂಟ್ ಆಫೀಸಿನವನು. ದೀಪ ಮಿಣಕ್ ಎಂದೊಡನೆಯೇ ಬಾಯಿ ಮುಚ್ಚಿದ್ದ. ಒಂದಕ್ಷರವೂ ಹೊರಬೀಳಲಿಲ್ಲ. ಬಚಾವಾದೆ ಎಂದು ಬೆವರು ಒರೆಸಿಕೊಂಡ. ಶೆಡ್ಡಿನಲ್ಲಿ ಸೂಜಿ ಬಿದ್ದರೂ ಕೇಳಿಸುವಂತಿತ್ತು. ನೇಯುವವರೆಲ್ಲ ಇವನನ್ನೇ ನೋಡುತ್ತಿದ್ದರು. ಇನ್ನೇನು ‘ಕರೆಂಟ್ ಯಾವಾಗ’ ಎನ್ನುತ್ತಾರೆ ಎಂದುಕೊಂಡ.

“ಯಾಕ ನಿಂದ್ರಿಸಿದಿ?” ಎಂದಳು ಮಾಯವ್ವ. “ಆದ್ರ ಅಕ್ಷತಾ, ನಾ… ಮುಂದ? ಬಗ್ಗತೀಯೋ ಇಲ್ಲೋ ಅದನ್ನ ಹೇಳಿ ಬಾಯಿ ಮುಚ್ಚೋ ತಮ್ಮಾ. ತಾಸ ಹೊತ್ತಾತು, ನಿನ್ನ ಮಾರಿ ನೋಡಿಕೋಂತ ನಂದು ಎರಡು ಎಳಿ ಹರದು ಹೋದವು.”

ಪ್ರಭುಲಿಂಗನ ಬಾಯಿ ತೆರೆಯಿತು.

“ನಿಮಗ… ಕೇಳಸ್ತು?”

“ಕೇಳಸಾಕ ಕಿವಿ ಎಲ್ಲಿ ಉಳದಾವೋ? ಹುಟ್ಟಿದಾಗಿಂದ ಈ ಖಟಾಖಟಿಯೊಳಗ ಅದೇವಿ. ನಾವು ಮಾತು ಕೇಳೋದಿಲ್ಲ, ನೋಡತೀವಿ. ಮಗ್ಗದ ಊರಾಗ ಕೂಸು ಮೊದಲು ತುಟಿ ಓದತೈತಿ, ಆಮ್ಯಾಲೆ ಅಕ್ಷರಾ ಓದತೈತಿ.”

ಕೊನೆಯ ಮಗ್ಗದಿಂದ ಒಬ್ಬ ಕೂಗಿದ: “ಕಂಬಾ ಅಡ್ಡ ಬಂದು ನನಗ ಟ್ರ್ಯಾಕ್ಟರಿನ ತನಕ ಕಂಡತು, ಹೊಳಿ ಕಾಣಲಿಲ್ಲ. ಮಾಯವ್ವಾ, ಹೊಳ್ಯಾಗ ಏನಾತು?”

ಪ್ರಭುಲಿಂಗನಿಗೆ ಲೈಬ್ರರಿಯ ಹುಡುಗಿ ನೆನಪಾದಳು. ಆಮೇಲೆ, ಕಾಲು ಜಾರಿ ಬಾವಿಗೆ ಬಿದ್ದವನಂತೆ, ಗಾಜಿನ ಕೌಂಟರ್ ನೆನಪಾಯಿತು. ಎರಡು ವರ್ಷ. ಎದುರಿಗೆ ನಿಂತ ಇಡೀ ಊರು. ದಪ್ಪ ಗಾಜು, ದಪ್ಪವಾದರೂ ಸ್ವಚ್ಛವಾದ ಗಾಜು.

“ಹಂಗಾರ… ಕೌಂಟರಿನಾಗ ನಾ ಅಂದದ್ದು…”

“ನನ್ನ ಒಣಾ ಮೆಣಸಿನಕಾಯಿ ಅಂದಿದ್ದಿ,” ಎಂದಳು ಮಾಯವ್ವ ಶಾಂತವಾಗಿ.

“ನನಗ ಕುಂಬಳಕಾಯಿಗೆ ಅಂಗಿ ಹಾಕಿಧಂಗ ಅದಾನ ಅಂದಿದ್ರಿ,” ಎಂದ, ಬಾಗಿಲಲ್ಲಿ ಬಂದು ನಿಂತಿದ್ದ ಪಾಂಡಪ್ಪ. “ಬಾಡಿಗಿ ವ್ಯಾಳ್ಯಾಕ್ಕ ಕೊಡತೀರಂತ ಸುಮ್ಮನಿದ್ದೆ.”

“ನಾವೇನೂ ಬ್ಯಾಸರಾ ಮಾಡಿಕೊಂಡಿಲ್ಲೋ,” ಎಂದಳು ಮಾಯವ್ವ. “ಕರೆಂಟ್ ಬರೋತನಕ ಹೊತ್ತು ಹೋಗಬೇಕಲ್ಲ, ಹಿಂಡು ಕಟ್ಟಿಕೊಂಡು ಬಂದು ನೋಡತಿದ್ದೆವು. ಅಕ್ಷತಾನ ಮ್ಯಾಲ ನಿನ್ನ ಮನಸೈತಿ ಅಂತ ನಿನಗಿಂತ ಮೊದಲ ನಮಗ ಗೊತ್ತಿತ್ತು. ಅದಿರಲಿ, ಈಗ ಹೇಳು. ನಮ್ಮನ್ನೆಲ್ಲಾ ದಿನಾ ನಿನ್ನ ಕಿಂಡಿಗೆ ಬಗ್ಗಸತೀ. ಅದರಾಗ ಯಾವ ದೇವರಿದ್ದ? ಕೆಲಸಾ ಆಗಬೇಕಂತ ಬಗ್ಗಿದೆವು. ನಿಂದೂ ಕೆಲಸ ಐತಿ. ಬಗ್ಗು.”

“ಬಗ್ಗಬ್ಯಾಡ್ರಿ ಸರ!” ಎಂದ ಕೊನೆಯ ಮಗ್ಗದವ.

“ನೀ ಸುಮ್ನಿರಲೇ, ನಿಂದ ಮದಿವಿ ಇನ್ನೂ ಆಗಿಲ್ಲ!” ಎಂದು ಮಾಯವ್ವ ಗದರಿದಳು.

ಶೆಡ್ಡು ಎರಡು ಪಂಗಡವಾಗಿ ಒಡೆದು ಜಗಳಕ್ಕಿಳಿಯಿತು. ಪ್ರಭುಲಿಂಗ ಮೂಟೆಯ ಮೇಲೆ ಹತ್ತಿ ನಿಂತು ಕೂಗಿದ: “ಬಗ್ಗಂಗಿಲ್ಲ! ನಾ ಒಬ್ಬನ ವಿಚಾರ ಮಾಡೇನಿ, ಬಗ್ಗಂಗಿಲ್ಲ! ಮುಗೀತು!”

ಅವನು ವೀರಣ್ಣನ ಮನೆಯ ಕಡೆ ಹೊರಟ. ಮಗ್ಗ ನಿಂತಿದ್ದರಿಂದ ಮಾಯವ್ವ, ಪಾಂಡಪ್ಪ ಮತ್ತು ಇಡೀ ಶೆಡ್ಡು ಹಿಂದೆ ಹೊರಟಿತು. ಓಣಿ ತಿರುಗುವಷ್ಟರಲ್ಲಿ ಮುಂದಿನ ಶೆಡ್ಡಿನವರು ಸೇರಿದರು. “ಬಗ್ಗಂಗಿಲ್ಲಂತ,” “ಮೀಸಿ ಎಮ್ಮಿ ಕೋಡಂತ,” ಎಂದು ಸುದ್ದಿ ಅವನಿಗಿಂತ ಮುಂದೆ ಓಡಿತು. ವೀರಣ್ಣನ ಮನೆ ಮುಟ್ಟಿದಾಗ ವೀರಣ್ಣ ಕಟ್ಟೆಯ ಮೇಲೆ ಮೀಸೆಗೆ ಕೈಯಿಟ್ಟು ನಿಂತೇ ಇದ್ದ. ಮೇಲಿನ ಮಹಡಿಯ ಕಿಟಕಿಯ ಗಾಜಿನ ಹಿಂದೆ ಅಕ್ಷತಾ. ಪ್ರಭುಲಿಂಗ ಒಮ್ಮೆ ಕೆಮ್ಮಿ, ಎದೆ ಸೆಟೆಸಿ, ಬಾಯಿ ತೆರೆದ.

ಕರೆಂಟ್ ಬಂತು.

ವೀರಣ್ಣನ ಮನೆಯ ಕೆಳಗಿನ ಮಗ್ಗಗಳು, ಎದುರಿನ ಮಗ್ಗಗಳು, ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಗುಡುಗಿದವು. ಪ್ರಭುಲಿಂಗನ ಮಾತು ಅವನಿಗೇ ಕೇಳಿಸಲಿಲ್ಲ. ಆದರೂ ಓಣಿಗೆ ಓಣಿಯೇ ತಲೆಯಾಡಿಸಿತು. ಅವನು ಸುತ್ತ ನೋಡಿದ. ಬಾಗಿಲುಗಳಲ್ಲಿ, ಕಿಟಕಿಗಳಲ್ಲಿ, ಮಾಳಿಗೆಗಳ ಮೇಲೆ, ಎಲ್ಲೆಲ್ಲೂ ತುಟಿಗಳು ಅಲ್ಲಾಡುತ್ತಿದ್ದವು. ಈ ತುದಿಯ ಹೆಂಗಸು ಆ ತುದಿಯವಳ ಜೊತೆ ಹರಟುತ್ತಿದ್ದಳು. ಅಜ್ಜನೊಬ್ಬ ಮಾಳಿಗೆಯಿಂದ ಮೊಮ್ಮಗನಿಗೆ ಬೈಯುತ್ತಿದ್ದ. ಎರಡು ವರ್ಷ ತಾನು ಬರಿಯ ಗದ್ದಲ ಎಂದುಕೊಂಡದ್ದರ ಅಡಿಯಲ್ಲಿ, ನೀರಿನ ಕೆಳಗಿನ ಊರಿನಂತೆ, ಇನ್ನೊಂದು ಊರು ಸದ್ದಿಲ್ಲದೆ ಮಾತಾಡುತ್ತಲೇ ಇತ್ತು. ಅವನು ಬೆರಗಾಗಿ ನಿಂತುಬಿಟ್ಟ. ಬಂದ ಕೆಲಸವೇ ಒಂದು ಗಳಿಗೆ ಮರೆತುಹೋಯಿತು.

ಅಷ್ಟರಲ್ಲಿ ಅಕ್ಷತಾಳ ತುಟಿ ಅಲ್ಲಾಡಿತು. ಒಂದೇ ಒಂದು ಮಾತು. ಎಲ್ಲ ಮಗ್ಗದ ಮನೆಯವರಂತೆ, ಎದುರಿಗಿದ್ದವನಿಗೆ ಇದು ಓದಲು ಬರುವುದಿಲ್ಲ ಎಂಬುದು ಹೊಳೆಯದೆಯೇ ಹೇಳಿದ ಮಾತು. ಓಣಿ ಚಪ್ಪಾಳೆ ತಟ್ಟಿತು. ವೀರಣ್ಣ ಹಣೆ ಬಡಿದುಕೊಂಡ. ಪಾಂಡಪ್ಪ ಹೊಟ್ಟೆ ಹಿಡಿದು ನಕ್ಕ.

“ಏನಂದ್ಲು?” ಎಂದು ಪ್ರಭುಲಿಂಗ ಕಿರುಚಿದ. ಎಲ್ಲರೂ ಉತ್ತರ ಹೇಳಿದರು, ತುಟಿಯಲ್ಲಿ. ಅವನು ಪಾಂಡಪ್ಪನ ಬಾಯಿ ನೋಡಿದ, ಮಾಯವ್ವನ ಬಾಯಿ ನೋಡಿದ. ಬೀಳಗಿಯ ಮೀನಿಗೆ ಒಂದಕ್ಷರವೂ ತಿಳಿಯಲಿಲ್ಲ. ಇಡೀ ಊರಿಗೆ ಗೊತ್ತಾದ ಅವನ ಬಾಳಿನ ಉತ್ತರ ಅವನೊಬ್ಬನಿಗೇ ಗೊತ್ತಿರಲಿಲ್ಲ. ತಡೆದುಕೊಳ್ಳಲಾಗದೆ ಮಾಯವ್ವನ ಎದುರು ದಬಕ್ಕನೆ ಬಗ್ಗಿ, ಅವಳ ಎರಡೂ ಕಾಲು ಹಿಡಿದು, ಧೂಳಿಗೆ ಹಣೆ ಹಚ್ಚಿದ. “ಹೇಳಬೇ ಎವ್ವಾ, ನಿನ್ನ ಕಾಲಿಗೆ ಬೀಳತೀನಿ!”

ಮಾಯವ್ವ ಅವನ ಕಿವಿ ಹಿಡಿದೆತ್ತಿ, ಅದಕ್ಕೇ ಬಾಯಿಟ್ಟು ಕೂಗಿದಳು: “‘ಈ ಊರಾಗ ಬಗ್ಗಲಾರದಂವ ಒಬ್ಬನಾದ್ರೂ ಸಿಕ್ಕ, ನನಗ ಇಂವ ಸಾಕು’ ಅಂದಿದ್ದಳೋ ಹುಚ್ಚಪ್ಪಾ! ಏಳು, ಲಗೂನ ಏಳು, ನೋಡಾಕತ್ತಾಳ!”

ಪ್ರಭುಲಿಂಗ ಸ್ಪ್ರಿಂಗಿನಂತೆ ಎದ್ದ. ತಡವಾಗಿತ್ತು. ಕಟ್ಟೆಯ ಮೇಲೆ ವೀರಣ್ಣ ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದ. ‘ಬಗ್ಗಾಕ ಬರತೈತಿ! ಬಗ್ಗಾಕ ಬರತೈತಿ ಇವಗ!’ ಎಂದು ಅವನು ಹೇಳುತ್ತಿರುವುದು ಪ್ರಭುಲಿಂಗನಿಗೂ ಓದಲು ಬಂತು. ಕಿಟಕಿಯಲ್ಲಿ ಅಕ್ಷತಾ ನಗುತ್ತಿರಲಿಲ್ಲ. ಹಣೆಯ ಧೂಳನ್ನೇ ನೋಡಿ ಇನ್ನೊಂದು ಮಾತು ಹೇಳಿ, ಪರದೆ ಎಳೆದುಕೊಂಡಳು.

ಪ್ರಭುಲಿಂಗ ಈ ಸಲ ಬಗ್ಗದೆ, ಕಣ್ಣಲ್ಲೇ ಮಾಯವ್ವನನ್ನು ಕೇಳಿದ.

“ಮುಂದಿನ ತಿಂಗಳ ಎರಡನೇ ಶನಿವಾರ ಮತ್ತ ಬಾ ಅಂದಳು,” ಎಂದು ಮಾಯವ್ವ ಒಂದು ಕಿವಿಯಲ್ಲಿ ಕೂಗಿದಳು. “ಎಲ್ಲಾ ಮೊದಲಿನಿಂದ ವಿಚಾರ ಮಾಡಬೇಕಂತ. ಯಾರೂ ಇಲ್ಲದ ಜಾಗಾದಾಗ, ಒಬ್ಬನ!”

ಇನ್ನೊಂದು ಕಿವಿಗೆ ಪಾಂಡಪ್ಪ ಬಾಯಿಟ್ಟ. “ಪ್ರಭಣ್ಣಾ, ಆ ಶನಿವಾರ ಕರೆಂಟ್ ಇರತೈತೇನ್ರೀ?”

ಪ್ರಭುಲಿಂಗನ ತುಟಿಗಳು ಸಣ್ಣಗೆ ಅಲ್ಲಾಡಿದವು. ಓಣಿಯ ಹೆಂಗಸರೆಲ್ಲ ಒಮ್ಮೆಲೇ ತಮ್ಮ ತಮ್ಮ ಮಕ್ಕಳ ಕಣ್ಣು ಮುಚ್ಚಿದರು.